ಸಂಘದ ಠರಾವು, ವಕೀಲರ ಕರ್ತವ್ಯ: ಬೆಳಗಾವಿ–ಖಾನಾಪುರ ನೆಲೆಯಿಂದ ಒಂದು ವಿವೇಚನೆ

ಬೆಳಗಾವಿಯ ಜಿಲ್ಲಾ ನ್ಯಾಯಾಲಯವಾಗಲಿ, ಖಾನಾಪುರದ ತಾಲ್ಲೂಕು ನ್ಯಾಯಾಲಯವಾಗಲಿ, ಅಲ್ಲಿನ ವಕೀಲರ ಮೇಲೆ ಎರಡು ಸಂಸ್ಥೆಗಳ ಹಿಡಿತವಿದೆ. ಒಂದು, ಬೈಲಾ, ಚುನಾವಣೆ, ಸಾಮಾನ್ಯ ಸಭೆಗಳಿಂದ ನಡೆಯುವ ಊರಿನ ವಕೀಲರ ಸಂಘ. ಇನ್ನೊಂದು, 1961ರ ವಕೀಲರ ಕಾಯ್ದೆಯಂತೆ ರಚನೆಯಾದ, ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತು. ಸನ್ನದು ಕೊಡುವುದು, ಕಸಿಯುವುದು ಪರಿಷತ್ತಿನ ಅಧಿಕಾರ. ಆದರೆ ವಕೀಲರು ನಿತ್ಯ ಅಂಜುವುದು ಜೊತೆಗೆ ಕೂರುವ ಸಂಘದ ಮಾತಿಗೆ. ಕಾನೂನಿನ ಬಲ ಒಂದೆಡೆ, ಬಳಕೆಯ ಬಲ ಇನ್ನೊಂದೆಡೆ ಇರುವುದೇ ಇಲ್ಲಿನ ಮುಖ್ಯ ತೊಡಕು.

ಸಂಘದ ಬಲ ಎಷ್ಟೆಂಬುದು 2020ರ ಫೆಬ್ರುವರಿಯಲ್ಲಿ ನೆರೆಯ ಹುಬ್ಬಳ್ಳಿಯಲ್ಲಿ ಕಂಡಿತು. ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ಸಂಘ ಠರಾವು ಮಾಡಿತು. ಇಂಥ ಠರಾವುಗಳಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ತಕ್ಕ ಶುಲ್ಕ ಸಿಕ್ಕರೆ, ವಿಶೇಷ ಕಾರಣವಿಲ್ಲದೆ ಪ್ರಕರಣ ನಿರಾಕರಿಸುವಂತಿಲ್ಲ ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮವೂ ಹೌದು. ಆದರೂ ಜಾಮೀನು ಅರ್ಜಿ ಹಾಕಲು ಹೊರಟ ಬೆಂಗಳೂರಿನ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಅದನ್ನು ಹೈಕೋರ್ಟೇ ಹೇಳಿ ಕೊಡಿಸಬೇಕಾಯಿತು. ಬಹುಮತದಿಂದ ಆದ ತೀರ್ಮಾನವೆಂದ ಮಾತ್ರಕ್ಕೆ ಅದು ನೀತಿಯಾಗದು.

ಕಲಾಪ ಬಹಿಷ್ಕಾರದ ಕಥೆಯೂ ಇದೇ. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ತೀರ್ಪಾಯಿತು. ಬಹಿಷ್ಕಾರದ ದಿನ ಕಣಕುಂಬಿ, ಜಾಂಬೋಟಿ ಕಡೆಯಿಂದ ಬಸ್ಸು ಹಿಡಿದು ಖಾನಾಪುರಕ್ಕೆ ಬಂದ ಕಕ್ಷಿದಾರರ ಕೂಲಿ ಹೋಗುತ್ತದೆ, ಕೈಗೆ ಸಿಗುವುದು ಮುಂದಿನ ತಾರೀಖು ಮಾತ್ರ.

ಅವರು ದೂರಲು ಹೊರಟರೆ? ಕಾಯ್ದೆಯ 35ನೇ ಕಲಮಿನಡಿ ದೂರು ಬೆಂಗಳೂರಿಗೆ ಹೋಗಬೇಕು. ಶಿಸ್ತು ಸಮಿತಿಯಲ್ಲಿ ಮೂವರು: ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ಅನುಭವಿ ವಕೀಲರು. ಕಕ್ಷಿದಾರರ ಕಡೆಯಿಂದ ಯಾರೂ ಇಲ್ಲ. ವರ್ಷದೊಳಗೆ ಇತ್ಯರ್ಥವಾಗದಿದ್ದರೆ ಪ್ರಕರಣ ದೆಹಲಿಗೆ, ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಅಂದರೆ ವಿಳಂಬದ ಪರಿಹಾರವೆಂದು ಇಟ್ಟ ನಿಯಮವೇ ಖಾನಾಪುರದವರಿಗೆ ದಾರಿಯನ್ನು ಇನ್ನೂ ದೂರ ಮಾಡುತ್ತದೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆಗೆ 2023ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಒಪ್ಪಿಗೆ ಸಿಕ್ಕಿತು, ಅದು ಅಗತ್ಯವಾಗಿತ್ತು. ಕಕ್ಷಿದಾರರ ದೂರನ್ನು ಹತ್ತಿರದಲ್ಲೇ ಕೇಳುವ ವ್ಯವಸ್ಥೆಯೂ ಅಷ್ಟೇ ಅಗತ್ಯ. ಒಂದಕ್ಕಿಂತ ಹೆಚ್ಚು ಶಿಸ್ತು ಸಮಿತಿ ರಚಿಸಲು ಕಾಯ್ದೆಯ 9ನೇ ಕಲಮು ಈಗಾಗಲೇ ಅವಕಾಶ ಕೊಟ್ಟಿದೆ. ಅಂಥದೊಂದು ಸಮಿತಿ ಬೆಳಗಾವಿಯಲ್ಲಿ ಕುಳಿತು ವಿಚಾರಣೆ ನಡೆಸಬೇಕು. ವಕಾಲತ್ತು ನಿರಾಕರಿಸುವ ಠರಾವನ್ನು ಸಭೆಯ ಮುಂದೆ ತರುವಂತಿಲ್ಲವೆಂದು ಎರಡೂ ಊರುಗಳ ಸಂಘಗಳು ತಮ್ಮ ಬೈಲಾದಲ್ಲೇ ಬರೆದುಕೊಳ್ಳಬೇಕು.