ಕೊಚ್ಚಿಯಿಂದ ತಿರುವನಂತಪುರಕ್ಕೆ ನೀರ ಮೇಲಿನ ಬಿಡಾರ

2021ರ ಸೆಪ್ಟೆಂಬರಿನಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಮಲಗಲು ಜಾಗ, ಅಡುಗೆಗೆ ಒಲೆ, ಶೌಚಾಲಯ ಎಲ್ಲವೂ ಇರುವ ವಾಹನದಲ್ಲಿ ಮನೆಮಂದಿಯೆಲ್ಲ ಊರೂರು ಸುತ್ತಬಹುದು, ರಾತ್ರಿ ತಂಗಲು ಕ್ಯಾರವಾನ್ ಪಾರ್ಕುಗಳಿರುತ್ತವೆ ಎಂಬುದು ಅದರ ತಿರುಳು. ಮರುವರ್ಷ ವಾಗಮಣ್ಣಿನಲ್ಲಿ ಮೊದಲ ಪಾರ್ಕು ತೆರೆಯಿತು. ಇಂಥ ವಾಹನವೆಂದರೆ ಕಣ್ಣಮುಂದೆ ಬರುವುದು ಅಮೆರಿಕದ ಅರಿಜೋನಾ, ನೆವಾಡಾಗಳ ಮರುಭೂಮಿ. ಟ್ಯಾಂಕಿನ ತುಂಬ ನೀರು ತುಂಬಿಕೊಂಡು, ಮಕ್ಕಳುಮರಿ ಕಟ್ಟಿಕೊಂಡು, ತಿಂಗಳುಗಟ್ಟಲೆ ಬಯಲಲ್ಲೇ ಬದುಕುವ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ಇದು ಪರದೇಶದ ಹವ್ಯಾಸ, ಹಸಿರು ಕೇರಳಕ್ಕೆ ಹೊಸದು ಎಂದು ತೋರುವುದು ಸಹಜ. ಇತಿಹಾಸ ಬೇರೆಯೇ ಹೇಳುತ್ತದೆ. ಕೊಚ್ಚಿ ಮತ್ತು ತಿರುವನಂತಪುರದ ನಡುವೆ ಜನ ತಲೆಮಾರುಗಳ ಕಾಲ ಬಿಡಾರವನ್ನು ಜೊತೆಗೇ ಕೊಂಡೊಯ್ಯುತ್ತ ಪ್ರಯಾಣ ಮಾಡಿದ್ದಾರೆ. ಆ ಬಿಡಾರ ನೀರ ಮೇಲೆ ಸಾಗುತ್ತಿತ್ತು. ಅದನ್ನು ಹುಟ್ಟಿಸಿದ್ದು ತಿರುಗಾಟದ ಹುಚ್ಚಲ್ಲ, ನೆಲದ ದಾರಿಯ ಕೊರತೆ.

ನಕಾಶೆ ಬಿಚ್ಚಿದರೆ ಕಾರಣ ತಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿ ಒಂದೊಂದೂ ಘಟ್ಟದಿಂದಿಳಿದು ತನ್ನದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಒಂದು ಅಳಿವೆಯಿಂದ ಇನ್ನೊಂದಕ್ಕೆ ಒಳನೀರಿನಲ್ಲೇ ಹೋಗಲು ಬರುವುದಿಲ್ಲ. ಆದ್ದರಿಂದ ಇಲ್ಲಿ ದೂರದ ಸರಕನ್ನು ಹೊತ್ತದ್ದು ಕಡಲಲ್ಲಿ ಹಾಯಿ ಬಿಚ್ಚಿದ ಮಂಜಿಗಳು, ಹೊಳೆ ದಾಟಿಸಿದ್ದು ಕಡವಿನ ದೋಣಿಗಳು. ಕೊಚ್ಚಿಯಿಂದ ತೆಂಕಣಕ್ಕೆ ನೆಲದ ಸ್ವಭಾವವೇ ಬದಲಾಗುತ್ತದೆ. ಕಿರಿದಾದ ಮರಳುದಿಬ್ಬದ ಹಿಂದೆ, ಕಡಲಿನ ಉದ್ದಕ್ಕೂ, ವೇಂಬನಾಡ್, ಕಾಯಂಕುಳಂ, ಅಷ್ಟಮುಡಿ, ಪರವೂರ್, ಕಠಿನಂಕುಳಂ ಕಾಯಲುಗಳು, ಅಂದರೆ ಹಿನ್ನೀರಿನ ಸರೋವರಗಳು, ಸಾಲಾಗಿ ಹಬ್ಬಿವೆ. ವೇಂಬನಾಡ್ ಒಂದೇ 90 ಕಿ.ಮೀ.ಗೂ ಹೆಚ್ಚು ಉದ್ದ. ಪಂಪಾ, ಮಣಿಮಲ, ಮೀನಚ್ಚಿಲ್ ಮೊದಲಾದ ಹೊಳೆಗಳೆಲ್ಲ ಬಂದು ಬೀಳುವುದು ಅದಕ್ಕೇ. ಕರಾವಳಿಯಲ್ಲಿ ನಡೆದು ಹೊರಟವನಿಗೆ ಹೆಜ್ಜೆಹೆಜ್ಜೆಗೂ ಅಡ್ಡಬರುವ ಈ ನೀರು ದೋಣಿ ಹತ್ತಿದವನಿಗೆ ಹೆದ್ದಾರಿ. ಕೊಲ್ಲಂ ಪಕ್ಕದ ನೀಂಡಕರಕ್ಕೆ ಸೇತುವೆ ಬಂದದ್ದು 1930ರಲ್ಲಿ. ಅದಕ್ಕೆ ಮುಂಚೆ ಅಲ್ಲೂ ದೋಣಿಯೇ ಗತಿ.

ನಿಸರ್ಗ ಕೊಟ್ಟ ಈ ದಾರಿ ಮುಖ್ಯವಾಗಿ ಎರಡು ಕಡೆ ತುಂಡಾಗಿತ್ತು. ತಿರುವನಂತಪುರದ ತುದಿಯಲ್ಲಿ ಕಠಿನಂಕುಳಂ ಕಾಯಲಿನಿಂದ ವಳ್ಳಕ್ಕಡವಿನವರೆಗೆ ನೀರಿರಲಿಲ್ಲ. 1820ರ ದಶಕದಲ್ಲಿ, ತಿರುವಾಂಕೂರು ಸಂಸ್ಥಾನದ ರೀಜೆಂಟ್ ಗೌರಿ ಪಾರ್ವತಿ ಬಾಯಿಯವರ ಆಳ್ವಿಕೆಯಲ್ಲಿ, ಅಲ್ಲಿ ತೋಡಿದ ಕಾಲುವೆಯೇ ಪಾರ್ವತಿ ಪುತ್ತನಾರ್. ಎರಡನೆಯ ತಡೆ ವರ್ಕಲದ ಮುರಕಲ್ಲಿನ ಗುಡ್ಡ. ಬಡಗಣದಿಂದ ಬಂದವರು ಗುಡ್ಡದ ಬುಡದಲ್ಲಿ ದೋಣಿ ಇಳಿದು, ಗಂಟುಮೂಟೆಯನ್ನು ತಲೆಹೊರೆಯಲ್ಲಿ ಆಚೆ ಸಾಗಿಸಿ, ಮತ್ತೊಂದು ದೋಣಿ ಹಿಡಿಯಬೇಕಿತ್ತು. ದಿವಾನ್ ಟಿ. ಮಾಧವರಾಯರ ಕಾಲದಲ್ಲಿ, 1860ರ ದಶಕದಲ್ಲಿ, ಈ ಗುಡ್ಡ ಕೊರೆಯುವ ಕೆಲಸ ಶುರುವಾಗಿ 1880ರ ಹೊತ್ತಿಗೆ ಎರಡು ಸುರಂಗಗಳು ಸಿದ್ಧವಾದವು. ದೊಡ್ಡದರ ಉದ್ದ 700 ಮೀಟರಿಗೂ ಹೆಚ್ಚು. ಒಂದು ಸಂಸ್ಥಾನ ತನ್ನ ಬೊಕ್ಕಸದ ಹಣ ಸುರಿದು ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಗುಡ್ಡದೊಳಗೆ ದೋಣಿದಾರಿ ಕೊರೆಸಿತು ಎಂದ ಮೇಲೆ, ಆ ನೀರದಾರಿ ಬರೀ ಅನುಕೂಲದ ಮಾತಾಗಿರಲಿಲ್ಲ. ರಾಜ್ಯದ ಬೆನ್ನೆಲುಬೇ ಅದಾಗಿತ್ತು.

ಈ ದಾರಿಯಲ್ಲಿ ಸಾಗುತ್ತಿದ್ದ ಕೆಟ್ಟುವಳ್ಳವೆಂಬ ದೋಣಿಯನ್ನು ಹತ್ತಿರದಿಂದ ನೋಡಬೇಕು. ಹೆಬ್ಬಲಸಿನ ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಗೆ ತೆಂಗಿನ ನಾರು ತುರುಕಿ, ನಾರಿನ ಹುರಿಯಿಂದ ಬಿಗಿದು ಹೊಲಿಯುತ್ತಿದ್ದರು. ಒಂದೇ ಒಂದು ಮೊಳೆ ಬಳಸುತ್ತಿರಲಿಲ್ಲ. ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿದರೆ ಉಪ್ಪುನೀರೂ ಹುಳವೂ ಹಲಗೆಗೆ ಹತ್ತುತ್ತಿರಲಿಲ್ಲ. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿದರಾಯಿತು, ಮರ ತಲೆಮಾರು ದಾಟಿ ಬಾಳುತ್ತಿತ್ತು. ಬೆನ್ನಿನ ಮೇಲೆ ಬಿದಿರು ಮತ್ತು ತೆಂಗಿನ ಗರಿಯ ಕಮಾನು ಮಾಡು. ಮೂವತ್ತು ಟನ್ನಿನವರೆಗೆ ಭತ್ತ, ಕೊಬ್ಬರಿ, ನಾರು ಹೇರಿಕೊಂಡು ಕುಟ್ಟನಾಡಿನಿಂದ ಕೊಚ್ಚಿಗೆ ಹೋಗುತ್ತಿದ್ದ ಈ ದೋಣಿಯನ್ನು ಬಿದಿರಿನ ಗಳ ಊರಿಯೇ ನಡೆಸಬೇಕು. ಭರತ ಇಳಿತ ನೋಡಿ ಸಾಗಬೇಕು, ನೀರು ಎದುರಾದರೆ ಕಾಯಬೇಕು. ಹಾಗಾಗಿ ದಿನಗಟ್ಟಲೆ ಗಂಜಿ ಬೇಯಿಸಿದ್ದೂ ಮೀನು ಸುಟ್ಟದ್ದೂ ಮಲಗಿದ್ದೂ ಅದರ ಮೇಲೆಯೇ. ಗಮನಿಸಬೇಕಾದ್ದು ಇನ್ನೊಂದಿದೆ. ಬೇಸಿಗೆಯಲ್ಲಿ ಕಡಲಿನ ಉಪ್ಪು ಕಾಯಲಿನೊಳಗೆ ನುಗ್ಗುತ್ತದೆ. ಸುತ್ತ ಕಣ್ಣು ಹರಿಯುವಷ್ಟು ನೀರಿದ್ದರೂ ಕುಡಿಯುವುದಕ್ಕೆ ಬಾರದು. ಸಿಹಿನೀರನ್ನು ಕೊಡ ತುಂಬಿ ಜೊತೆಗೆ ಒಯ್ಯಬೇಕು. ಈ ಒಂದು ವಿಷಯದಲ್ಲಿ ಕಾಯಲಿನ ದೋಣಿಗೂ ಮರುಭೂಮಿಯ ಗಾಡಿಗೂ ಹೆಚ್ಚು ಅಂತರವಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಹೀಗೆ: ಅದು ಸರಕಿನ ದೋಣಿ, ಮನೆಯಲ್ಲ, ಅಂಬಿಗನ ಮನೆ ದಡದಲ್ಲಿತ್ತು, ಹೆಂಡತಿ ಮಕ್ಕಳು ಅಲ್ಲಿದ್ದರು. ಮಾತು ನಿಜ. ಆದರೆ ಮನೆಯನ್ನು ಅರ್ಧ ಬಿಟ್ಟು ಅರ್ಧ ಜೊತೆಗೆ ತರುವುದೇ ಇಂಥ ಪ್ರಯಾಣದ ಲಕ್ಷಣ. ಜೊತೆಗೆ, ಸರಕಿನ ದೋಣಿಗಳ ಪಕ್ಕದಲ್ಲೇ ಕೋಣೆ ಕಟ್ಟಿದ ಪ್ರಯಾಣದ ದೋಣಿಗಳೂ ಇದ್ದವು. ಅಧಿಕಾರಿಗಳು, ಪಾದ್ರಿಗಳು, ಉಳ್ಳ ಮನೆತನದವರು ಹಾಸಿಗೆ, ಪಾತ್ರೆ, ಅಡುಗೆಯವನ ಸಮೇತ ಅವುಗಳಲ್ಲಿ ಹೋಗುತ್ತಿದ್ದರು. ತಿರುವಾಂಕೂರು ಮತ್ತು ಕೊಚ್ಚಿ ಎರಡಕ್ಕೂ ಒಬ್ಬನೇ ಆಗಿದ್ದ ಬ್ರಿಟಿಷ್ ರೆಸಿಡೆಂಟನ ಬಂಗಲೆಗಳನ್ನೇ ನೋಡಿ. ಕೊಚ್ಚಿಯಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಬೋಲ್ಗಾಟಿ ಅರಮನೆ ನಡುಗಡ್ಡೆಯಲ್ಲಿದೆ, ಕೊಲ್ಲಂ ರೆಸಿಡೆನ್ಸಿ ಅಷ್ಟಮುಡಿಯ ದಡದಲ್ಲಿದೆ. ದೋಣಿಯಲ್ಲಿ ಬಂದು ದೋಣಿಯಲ್ಲೇ ಹೊರಡುವವರು ಕಟ್ಟಿಕೊಳ್ಳುವ, ಇಟ್ಟುಕೊಳ್ಳುವ ಮನೆಗಳಿವು. ರೈಲಿನ ತಾರೀಖುಗಳು ಇನ್ನೂ ಬಲವಾದ ಸಾಕ್ಷಿ. ಶೊರನೂರಿನಿಂದ ಎರ್ನಾಕುಳಕ್ಕೆ ರೈಲು ಬಂದದ್ದು 1902ರಲ್ಲಿ. ತಿರುವನಂತಪುರಕ್ಕೆ ಬಂದದ್ದು 1918ರಲ್ಲಿ, ಅದೂ ತಮಿಳುನಾಡಿನ ಕಡೆಯಿಂದ ಕೊಲ್ಲಂ ಮೂಲಕ. ಎರಡೂ ಊರುಗಳನ್ನು ಕೋಟ್ಟಯಂ ದಾರಿಯಾಗಿ ಹಳಿ ಜೋಡಿಸಿದ್ದು 1958ರಲ್ಲಿ. ಕೇರಳ ರಾಜ್ಯ ಹುಟ್ಟಿ ಒಂದು ವರ್ಷ ದಾಟಿದ ಮೇಲೆ! ಅಲ್ಲಿಯವರೆಗೆ ನೀರಿನ ಬಿಡಾರ ಉಳಿದದ್ದು ಹಳೆಯದರ ಮೇಲಿನ ಮೋಹದಿಂದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇದನ್ನೆಲ್ಲ ಚೆಂದ ಮಾಡಿ ಹೇಳಿದರೆ ಗಳ ಊರಿದ ತೋಳುಗಳನ್ನು, ದಾರಿ ಸಿಗದವರನ್ನು ಮರೆತಂತಾಗುತ್ತದೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಒಳಗೆ ಮಲಗಿ ಹೋದವರೂ ಹೊರಗೆ ರಾತ್ರಿಯಿಡೀ ದುಡಿದವರೂ ಒಂದೇ ಪ್ರಯಾಣ ಮಾಡಲಿಲ್ಲ. ವೇಂಬನಾಡಿನ ದಡದಲ್ಲೇ ಇರುವ ವೈಕಂನಲ್ಲಿ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ ಕೆಳಜಾತಿಯೆನಿಸಿಕೊಂಡವರು ನಡೆಯುವಂತಿರಲಿಲ್ಲ. ಅದನ್ನು ಎದುರಿಸಿ 1924ರ ಮಾರ್ಚ್ 30ರಂದು ಸತ್ಯಾಗ್ರಹ ಶುರುವಾಯಿತು. ಮರುವರ್ಷ ಮಾರ್ಚಿನಲ್ಲಿ ಗಾಂಧೀಜಿ ಅಲ್ಲಿಗೆ ಬಂದಿಳಿದದ್ದು ದೋಣಿಯಲ್ಲೇ. ಆದರೆ ಎಲ್ಲರಿಗೂ ಕೈಗೆಟಕುವ ಪ್ರಯಾಣ ಇದೇ ನೀರಿನ ಮೇಲೆ ಬಂತು ಎಂಬುದನ್ನೂ ಹೇಳಬೇಕು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಯಂತ್ರದ ಬೋಟುಗಳು ಟಿಕೆಟ್ ಕೊಟ್ಟು ಜನರನ್ನು ಸಾಗಿಸತೊಡಗಿದವು. ಅವುಗಳಲ್ಲಿ ಬಿಡಾರ ಇರಲಿಲ್ಲ, ನೂಕುನುಗ್ಗಲಿತ್ತು. 1924ರ ಜನವರಿಯಲ್ಲಿ ಕೊಲ್ಲಂನಿಂದ ಹೊರಟ ರಿಡೀಮರ್ ಬೋಟು ಪಲ್ಲನದಲ್ಲಿ ರಾತ್ರಿ ಮಗುಚಿದಾಗ ಸತ್ತವರಲ್ಲಿ ಮಹಾಕವಿ ಕುಮಾರನ್ ಆಶಾನ್ ಒಬ್ಬರು. ಜಾತಿಯ ಕಟ್ಟಳೆಯ ವಿರುದ್ಧ ಬರೆದು ದುಡಿದ ಆ ಕವಿಯ ಸಾವು ಈ ದಾರಿಯ ಇತಿಹಾಸದ ಅತಿ ದೊಡ್ಡ ನಷ್ಟ.

ರಸ್ತೆ, ಸೇತುವೆ, ಲಾರಿ ಬಂದ ಮೇಲೆ ಕೆಟ್ಟುವಳ್ಳಗಳು ದಡದಲ್ಲಿ ಕೊಳೆಯತೊಡಗಿದವು. 1990ರ ದಶಕದ ಆರಂಭದಲ್ಲಿ ತಿರುವನಂತಪುರದ ಟೂರ್ ಇಂಡಿಯಾದ ಬಾಬು ವರ್ಗೀಸ್ ಅವುಗಳಿಗೆ ಮಂಚ, ಸ್ನಾನದ ಕೋಣೆ ಹಾಕಿಸಿ ಪ್ರವಾಸಿಗರಿಗೆ ತೆರೆದರು; ಕೇರಳದಲ್ಲಿ ಹೌಸ್‌ಬೋಟ್ ಎಂಬ ಉದ್ಯಮ ಹಾಗೆ ಹುಟ್ಟಿತು. ಹಳೆಯ ಹೊಲಿಗೆಯ ಕೆಲಸ ಬಲ್ಲ ಕೈಗಳಿಗೆ ಅದರಿಂದ ಅನ್ನ ಸಿಕ್ಕಿತು, ಅಷ್ಟರಮಟ್ಟಿಗೆ ಅದು ಒಳ್ಳೆಯ ಕೆಲಸ. ಮುಂದೆ ಎಂಜಿನ್ನುಗಳು ಬಂದವು, ಮಹಡಿಗಳು ಏರಿದವು, ಹವಾನಿಯಂತ್ರಣ ಬಂತು. 2002ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ವೇಂಬನಾಡಿನ ನೀರಿಗೆ ಎಣ್ಣೆಯೂ ಕೊಳಚೆಯೂ ಸೇರುತ್ತಿವೆ. ದೋಣಿ ಹಳೆಯದರಂತೆ ಕಂಡರೂ ನೀರಿನೊಂದಿಗೆ ಅದರ ಸಂಬಂಧ ಮುರಿದಿದೆ. ಎಲ್ಲಿಗೂ ತಲುಪಬೇಕಾಗಿಲ್ಲದ ಆ ದೋಣಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಪ್ರವಾಸ ಹಣ ತರುತ್ತದೆ, ಸತ್ತ ಕಾಲುವೆ ಏನು ತರುತ್ತದೆ ಎಂದು ಕೇಳುವವರಿದ್ದಾರೆ. ಉತ್ತರ ಕಣ್ಣೆದುರೇ ಇದೆ. 1993ರಲ್ಲಿ ಕೊಲ್ಲಂ–ಕೋಟ್ಟಪುರಂ ನಡುವಿನ 168 ಕಿ.ಮೀ. ರಾಷ್ಟ್ರೀಯ ಜಲಮಾರ್ಗವಾಯಿತು. 2023ರಲ್ಲಿ ಶುರುವಾದ ಕೊಚ್ಚಿಯ ವಾಟರ್ ಮೆಟ್ರೊ ನಡುಗಡ್ಡೆಗಳ ಜನರನ್ನು ದಿನವೂ ಕೆಲಸಕ್ಕೆ ಮುಟ್ಟಿಸುತ್ತಿದೆ. ನೀರದಾರಿ ಸತ್ತಿಲ್ಲ, ಅದರ ದಕ್ಷಿಣದ ತುದಿ ಮಾತ್ರ ಕಟ್ಟಿಹೋಗಿದೆ. ವಳ್ಳಕ್ಕಡವಿನ ಹಳೆಯ ದೋಣಿಮನೆ ಈಗ ಜೀವವೈವಿಧ್ಯ ಸಂಗ್ರಹಾಲಯ, ಅದರ ಪಕ್ಕದ ಪಾರ್ವತಿ ಪುತ್ತನಾರ್ ನಗರದ ಚರಂಡಿ. ಕೋವಳದಿಂದ ಕಾಸರಗೋಡಿನ ಬೇಕಲದವರೆಗೆ ಸುಮಾರು 600 ಕಿ.ಮೀ. ಜಲಮಾರ್ಗ ಕಟ್ಟುವ ಯೋಜನೆ ಕೇರಳದ ಕೈಯಲ್ಲಿದೆ, ಅದರ ಬಡಗಣ ತುದಿ ಕನ್ನಡ ಮಾತಾಡುವವರೂ ಇರುವ ಜಿಲ್ಲೆಯನ್ನೇ ಮುಟ್ಟುತ್ತದೆ. ಕ್ಯಾರವಾನ್ ಪಾರ್ಕುಗಳಿಗೆ ಜಾಗ ಹುಡುಕುವ ಸರ್ಕಾರ ಮೊದಲು ಪಾರ್ವತಿ ಪುತ್ತನಾರಿನ ಕೊಳೆ ತೆಗೆಸಲಿ, ವರ್ಕಲದ ಸುರಂಗಗಳಲ್ಲಿ ದೋಣಿ ಮತ್ತೆ ಓಡುವಂತೆ ಮಾಡಲಿ, ಗಳ ಊರಿದ ಹಿರಿಯರು ಬದುಕಿರುವಾಗಲೇ ಅವರ ಮಾತನ್ನು ಬರೆಸಿಡಲಿ.