ಬಾಂಬ್ ಹಾಕಿದ ಊರಿಗೇ ಹೋಗಿ ಪಾದ್ರಿಯಾದ ಮೆಕ್ಯಾನಿಕ್: ಯಾರು ಈ ಜೇಕಬ್ ಡಿಶೇಜರ್?

ವಿಮಾನ ರಿಪೇರಿ ಕೆಲಸ ಕಲಿತ ಮೆಕ್ಯಾನಿಕ್. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೇಲೆ ಬಾಂಬ್ ಹಾಕಿ, 40 ತಿಂಗಳು ಶತ್ರುಗಳ ಜೈಲಿನಲ್ಲಿದ್ದ ಸೈನಿಕ. ಕೊನೆಗೆ ಅದೇ ಜಪಾನಿಗೆ ಪಾದ್ರಿಯಾಗಿ ಹೋಗಿ ಸುಮಾರು 30 ವರ್ಷ ಕೆಲಸ ಮಾಡಿದವರು. ಈ ಮೂರೂ ಒಬ್ಬರೇ ಅಂದ್ರೆ ನಂಬೋದು ಕಷ್ಟ. ಆದರೆ ಅಮೆರಿಕದ ಜೇಕಬ್ ಡಿಶೇಜರ್ ಅವರ ಬದುಕು ನಿಜವಾಗಿ ಹೀಗೇ ಇತ್ತು. 2008ರ ಮಾರ್ಚ್ 15ರಂದು, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಪೂರ್ತಿ ಪರಿಚಯ ಇಲ್ಲಿದೆ.

ಮದ್ರಾಸ್ ಹೆಸರಿನ ಊರು, ರೈತರ ಮನೆ

ಡಿಶೇಜರ್ ಹುಟ್ಟಿದ್ದು 1912ರ ನವೆಂಬರ್ 15ರಂದು, ಅಮೆರಿಕದ ಆರೆಗನ್ ರಾಜ್ಯದ ವೆಸ್ಟ್ ಸ್ಟೇಟನ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಹೋದರು. ತಾಯಿ ಮರುಮದುವೆಯಾದ ಮೇಲೆ ಕುಟುಂಬ ಬಂದು ನೆಲೆಸಿದ ಊರಿನ ಹೆಸರು ಮದ್ರಾಸ್! ನಮ್ಮ ಮದ್ರಾಸಿನಿಂದ ಹೋಗುತ್ತಿದ್ದ ಬಟ್ಟೆಯಿಂದಲೇ ಆ ಊರಿಗೆ ಆ ಹೆಸರು ಬಂತು ಅಂತ ಅಲ್ಲಿಯವರು ಹೇಳುತ್ತಾರೆ.

ಓದು ಮುಗಿದ ಮೇಲೆ ಡಿಶೇಜರ್ ಹೊಲ, ದನ-ಕುರಿ ಅಂತ ಸಿಕ್ಕ ಕೆಲಸವೆಲ್ಲ ಮಾಡಿದರು. ಟರ್ಕಿ ಕೋಳಿ ಸಾಕಿದರು. ದರ ಬಿದ್ದು ಹಾಕಿದ ದುಡ್ಡೂ ಹೋಯ್ತು. ಕೊನೆಗೆ 1940ರಲ್ಲಿ ಸೇನೆಯ ವಾಯುದಳಕ್ಕೆ ಸೇರಿದರು. ಅಲ್ಲಿ ಎರಡು ಕೆಲಸ ಕಲಿತರು: ಒಂದು ವಿಮಾನದ ಮೆಕ್ಯಾನಿಕ್ ಕೆಲಸ, ಇನ್ನೊಂದು ಗುರಿ ನೋಡಿ ಬಾಂಬ್ ಹಾಕುವ ಕೆಲಸ.

ಗೋಡೆಗೆ ಎಸೆದ ಆಲೂಗಡ್ಡೆ

1941ರ ಡಿಸೆಂಬರ್ 7ರಂದು ಜಪಾನ್ ವಿಮಾನಗಳು ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆ ಮೇಲೆ ದಾಳಿ ಮಾಡಿದವು. ಆ ಹೊತ್ತಿಗೆ ಡಿಶೇಜರ್ ಅಡುಗೆಮನೆ ಡ್ಯೂಟಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ಸುದ್ದಿ ಕೇಳಿದ ಸಿಟ್ಟಿಗೆ ಕೈಯಲ್ಲಿದ್ದ ಆಲೂಗಡ್ಡೆಯನ್ನು ಗೋಡೆಗೆ ಎಸೆದು, ಜಪಾನಿನವರು ಇದಕ್ಕೆ ಬೆಲೆ ತೆರಲೇಬೇಕು ಅಂತ ಕೂಗಿದರಂತೆ.

ಸ್ವಲ್ಪ ದಿನಕ್ಕೇ ಒಂದು ಅಪಾಯದ ಕೆಲಸಕ್ಕೆ ಜನ ಬೇಕು ಅಂತ ಕರೆ ಬಂತು. ಏನು ಕೆಲಸ ಅಂತ ಹೇಳಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಹೂಂ ಅಂದರು. ಒಲ್ಲೆ ಅನ್ನೋಕೆ ಧೈರ್ಯ ಸಾಲದೆ ತಾವೂ ಹೂಂ ಅಂದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

16ನೇ ವಿಮಾನ

1942ರ ಏಪ್ರಿಲ್ 18ರಂದು ಹಾರ್ನೆಟ್ ಎಂಬ ವಿಮಾನವಾಹಕ ಹಡಗಿನಿಂದ 16 ಬಿ-25 ಬಾಂಬರ್‌ಗಳು ಜಪಾನ್ ಕಡೆಗೆ ಹಾರಿದವು. ಒಟ್ಟು 80 ಜನ. ಮುಖ್ಯಸ್ಥ ಜೇಮ್ಸ್ ಡೂಲಿಟಲ್. ಅದಕ್ಕೇ ಇದನ್ನು ಡೂಲಿಟಲ್ ದಾಳಿ ಅಂತ ಕರೀತಾರೆ. (ಇದೇ ಬಿ-25 ಮಾದರಿಯ ವಿಮಾನಗಳು ಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೂ ರಿಪೇರಿಗೆ ಬರುತ್ತಿದ್ದವು.)

ಜಪಾನಿನ ಕಾವಲು ದೋಣಿಯ ಕಣ್ಣಿಗೆ ಬಿದ್ದಿದ್ದರಿಂದ, ಅಂದುಕೊಂಡಿದ್ದಕ್ಕಿಂತ ತುಂಬಾ ದೂರದಿಂದಲೇ ವಿಮಾನಗಳು ಹೊರಡಬೇಕಾಯ್ತು. ಡಿಶೇಜರ್ ಇದ್ದದ್ದು ಕೊನೆಯದಾದ 16ನೇ ವಿಮಾನದಲ್ಲಿ. ಅದರ ಮೂತಿಯ ಗಾಜು ಒಡೆದು ತೂತಾಗಿತ್ತು. ಗಾಳಿ ಒಳಗೆ ನುಗ್ಗಿದರೆ ಇಂಧನ ಜಾಸ್ತಿ ಖರ್ಚಾಗುತ್ತೆ ಅಂತ ಯಾವ ಮೆಕ್ಯಾನಿಕ್‌ಗಾದರೂ ಗೊತ್ತು. ಆದರೆ ಸರಿ ಮಾಡಲು ಟೈಮ್ ಇರಲಿಲ್ಲ.

ನಗೋಯಾ ನಗರದ ಮೇಲೆ ಬಾಂಬ್ ಹಾಕಿ ಚೀನಾ ಕಡೆ ತಿರುಗಿದರು. ರಾತ್ರಿ ಇಂಧನ ಮುಗೀತು. ಐದೂ ಜನ ಪ್ಯಾರಾಚೂಟ್ ಕಟ್ಟಿಕೊಂಡು ಕತ್ತಲಲ್ಲಿ ಹಾರಿದರು. ಡಿಶೇಜರ್ ಬಿದ್ದದ್ದು ಒಂದು ಸ್ಮಶಾನದಲ್ಲಿ. ಆ ಪ್ರದೇಶ ಜಪಾನ್ ಸೇನೆಯ ಹಿಡಿತದಲ್ಲಿತ್ತು. ಐವರೂ ಸೆರೆಯಾದರು.

ಇಲ್ಲಿ ಚೀನಾದ ಹಳ್ಳಿಯವರನ್ನು ಮರೆಯುವ ಹಾಗಿಲ್ಲ. ಚೀನಾದಲ್ಲಿ ಇಳಿದ ಬಹುತೇಕ ಅಮೆರಿಕನ್ನರನ್ನು ಬಚ್ಚಿಟ್ಟು ಕಾಪಾಡಿದ್ದು ಅವರೇ. ಅದಕ್ಕೆ ಸೇಡು ತೀರಿಸಿಕೊಂಡ ಜಪಾನ್ ಸೇನೆ ಆ ಭಾಗದ ಊರೂರುಗಳನ್ನೇ ನಾಶ ಮಾಡಿ, ಲೆಕ್ಕವಿಲ್ಲದಷ್ಟು ಜನರನ್ನು ಕೊಂದಿತು.

40 ತಿಂಗಳ ಸೆರೆ

ಎರಡು ವಿಮಾನಗಳಿಂದ ಒಟ್ಟು 8 ಜನ ಸಿಕ್ಕಿಬಿದ್ದಿದ್ದರು. 1942ರ ಅಕ್ಟೋಬರ್ 15ರಂದು ಮೂವರನ್ನು ಗುಂಡಿಟ್ಟು ಕೊಂದರು. ಅದರಲ್ಲಿ ಡಿಶೇಜರ್ ವಿಮಾನದ ಪೈಲಟ್ ಮತ್ತು ಗನ್ನರ್ ಕೂಡ ಇದ್ದರು. ಉಳಿದವರಿಗೆ ಜೀವಾವಧಿ ಶಿಕ್ಷೆ ಆಯ್ತು. 1943ರ ಡಿಸೆಂಬರ್‌ನಲ್ಲಿ ಇನ್ನೊಬ್ಬರು ಸರಿಯಾದ ಆಹಾರವಿಲ್ಲದೆ ಕಾಯಿಲೆ ಬಿದ್ದು ಸತ್ತರು. ಡಿಶೇಜರ್ 40 ತಿಂಗಳಲ್ಲಿ 34 ತಿಂಗಳನ್ನು ಒಂಟಿ ಕೋಣೆಯಲ್ಲಿ ಕಳೆದರು. ಏಟು, ಹಸಿವು, ಭೇದಿ, ಮೈತುಂಬ ಹುಣ್ಣು ಎಲ್ಲವನ್ನೂ ಕಂಡರು. ಕಾವಲುಗಾರರ ಮೇಲಿನ ದ್ವೇಷದಿಂದ ತಲೆ ಕೆಡುವ ಹಂತಕ್ಕೆ ಬಂದಿದ್ದರು.

ಆ ಸಾವಿನ ನಂತರ ಕೈದಿಗಳಿಗೆ ಕೆಲವು ಪುಸ್ತಕ ಕೊಟ್ಟರು. 1944ರಲ್ಲಿ ಡಿಶೇಜರ್ ಕೈಗೆ ಬೈಬಲ್ ಬಂತು, ಅದೂ ಮೂರೇ ವಾರಕ್ಕೆ. ಕೋಣೆಯ ಸಣ್ಣ ಕಿಂಡಿ ಬೆಳಕಿನಲ್ಲಿ ಮತ್ತೆ ಮತ್ತೆ ಓದಿ, ಆದಷ್ಟು ಬಾಯಿಪಾಠ ಮಾಡಿಕೊಂಡರು. ಶತ್ರುವನ್ನೂ ಕ್ಷಮಿಸಬೇಕು ಅನ್ನೋ ಮಾತು ಅವರಿಗೆ ನಾಟಿತು.

ಅದನ್ನು ನಡೆಸಿ ತೋರಿಸುವ ದಿನವೂ ಬಂತು. ಕಾವಲುಗಾರನೊಬ್ಬ ಅವರ ಪಾದವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬೂಟಿನಿಂದ ಒದ್ದ. ಡಿಶೇಜರ್ ಬೈಯಲಿಲ್ಲ. ಮಾರನೇ ದಿನದಿಂದ ಅವನಿಗೇ ಜಪಾನಿ ಭಾಷೆಯಲ್ಲಿ ನಮಸ್ಕಾರ ಹೇಳಿ, ಮನೆಯವರ ಬಗ್ಗೆ ವಿಚಾರಿಸೋಕೆ ಶುರು ಮಾಡಿದರು. ಕೆಲವು ದಿನ ಕಳೆದ ಮೇಲೆ ಅದೇ ಕಾವಲುಗಾರ ಒಂದು ಬೇಯಿಸಿದ ಗೆಣಸು ತಂದುಕೊಟ್ಟ. ಹಸಿದ ಕೈದಿಗೆ ಅದು ಸಣ್ಣ ವಿಷಯ ಅಲ್ಲ.

ಅದೇ ಜಪಾನಿಗೆ ವಾಪಸ್

1945ರ ಆಗಸ್ಟ್ 20ರಂದು ಬೀಜಿಂಗ್‌ನಲ್ಲಿ ಬಿಡುಗಡೆ ಆಯ್ತು. ಬದುಕಿ ಬಂದವರು ನಾಲ್ಕೇ ಜನ. ಡಿಶೇಜರ್ ಊರಲ್ಲಿ ಗ್ಯಾರೇಜ್ ಹಾಕಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಅದು ಬಿಟ್ಟು, 30 ದಾಟಿದ ವಯಸ್ಸಿನಲ್ಲಿ ಸಿಯಾಟಲ್‌ನ ಕಾಲೇಜಿಗೆ ಸೇರಿ ಪಾದ್ರಿಯಾಗಲು ಓದಿದರು. 1946ರಲ್ಲಿ ಫ್ಲಾರೆನ್ಸ್ ಅವರನ್ನು ಮದುವೆಯಾದರು. 1948ರ ಡಿಸೆಂಬರ್‌ನಲ್ಲಿ ಕುಟುಂಬ ಸಮೇತ ಜಪಾನ್‌ಗೆ ಬಂದಿಳಿದರು.

ಅವರ ಸೆರೆಮನೆ ಕಥೆಯ ಕರಪತ್ರ ಜಪಾನ್ ತುಂಬಾ ಹಂಚಿಕೆಯಾಗಿತ್ತು. ಟೋಕಿಯೋದ ರೈಲ್ವೆ ಸ್ಟೇಷನ್ ಹತ್ತಿರ ಅದು ಮಿತ್ಸುವೊ ಫುಚಿದಾ ಎಂಬುವರ ಕೈಗೂ ಸಿಕ್ಕಿತು. ಪರ್ಲ್ ಹಾರ್ಬರ್ ಮೇಲೆ ವಿಮಾನಗಳ ದಾಳಿ ಮುನ್ನಡೆಸಿದವರು ಇದೇ ಫುಚಿದಾ! ಅದನ್ನು ಓದಿ ಕುತೂಹಲದಿಂದ ಬೈಬಲ್ ಕೊಂಡು ಓದಿದ ಅವರು ಮುಂದೆ ಕ್ರೈಸ್ತರಾದರು. 1950ರಲ್ಲಿ ಇಬ್ಬರೂ ಭೇಟಿಯಾದರು. ಯಾರ ದಾಳಿ ಸುದ್ದಿ ಕೇಳಿ ಆಲೂಗಡ್ಡೆ ಎಸೆದಿದ್ದರೋ, ಅವರ ಜೊತೆಯೇ ಡಿಶೇಜರ್ ವೇದಿಕೆ ಹಂಚಿಕೊಂಡರು.

1959ರಲ್ಲಿ ಡಿಶೇಜರ್ ಕುಟುಂಬ ನಗೋಯಾಗೆ ಹೋಗಿ ಚರ್ಚ್ ಕಟ್ಟುವ ಕೆಲಸ ಶುರು ಮಾಡಿತು. ಅದು ಅವರೇ ಬಾಂಬ್ ಹಾಕಿದ ನಗರ.

ನೆನಪು ಯಾಕೆ ಮುಖ್ಯ?

ಡಿಶೇಜರ್ ಕ್ಷಮೆ ಅಂತ ಭಾಷಣ ಮಾಡಿ ಸುಮ್ಮನಾಗಲಿಲ್ಲ. ತಮ್ಮ ಗೆಳೆಯರನ್ನು ಕೊಂದ ದೇಶದ ಭಾಷೆ ಕಲಿತರು, ಅಲ್ಲೇ ಮನೆ ಮಾಡಿದರು, ಅಲ್ಲೇ ಮಕ್ಕಳನ್ನು ಬೆಳೆಸಿದರು. ತಮಗಾದ ಅನ್ಯಾಯವನ್ನು ಮುಚ್ಚಿಡಲೂ ಇಲ್ಲ. ಏಟು, ಹಸಿವು ಎಲ್ಲವನ್ನೂ ಜಪಾನಿನ ಜನರ ಎದುರೇ ಹೇಳಿದರು. ಆಗಿದ್ದನ್ನು ಆಯ್ತು ಅಂತ ಒಪ್ಪಿಕೊಂಡೇ ಹಗೆ ಬಿಟ್ಟಿದ್ದರಿಂದ ಅವರ ಮಾತಿಗೆ ತೂಕ ಬಂತು.

ಒಂದೇ ನೋಟದಲ್ಲಿ

- ಜನನ: 1912 ನವೆಂಬರ್ 15, ವೆಸ್ಟ್ ಸ್ಟೇಟನ್, ಆರೆಗನ್
- ಸೇನೆಗೆ ಸೇರ್ಪಡೆ: 1940
- ಡೂಲಿಟಲ್ ದಾಳಿ, ಸೆರೆ: 1942 ಏಪ್ರಿಲ್
- ಬಿಡುಗಡೆ: 1945 ಆಗಸ್ಟ್ 20
- ಜಪಾನ್‌ನಲ್ಲಿ ಪಾದ್ರಿ ಸೇವೆ: 1948ರಿಂದ 1977
- ನಿಧನ: 2008 ಮಾರ್ಚ್ 15, ಸೇಲಂ, ಆರೆಗನ್