ಮೊಡವೆಗೆ ನುಂಗಿದ ಗುಳಿಗೆ

ಮೊಡವೆ ಪ್ರಾಣಕ್ಕೆ ಬರುವ ರೋಗವಲ್ಲ. ಹಾಗೆಂದು ಅದು ರೋಗವೇ ಅಲ್ಲವೆಂದು ನಕ್ಕುಬಿಡುವ ಹಿರಿಯರು ತಮ್ಮ ಹದಿನೇಳನೆಯ ವಯಸ್ಸನ್ನು ಮರೆತವರೇ ಸರಿ. ಮನೆಗೆ ನಾಲ್ಕು ಜನ ಬಂದರೆ ಒಳಕೋಣೆಗೆ ಸರಿದುಬಿಡುವ ಹುಡುಗಿ, ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಲ್ಲುವ ಹುಡುಗ, ಇವರ ಸಂಕಟ ಸಣ್ಣದಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಇದಕ್ಕೆ ಮುಖದೂಷಿಕಾ ಎಂಬ ಹೆಸರಿದೆ. ಅಲ್ಲಿ ಇದನ್ನು ಬೂರುಗದ ಮರದ ಮುಳ್ಳಿಗೆ ಹೋಲಿಸಿದೆ. ಆ ಮರದ ಎಳೆಯ ಕಾಂಡವನ್ನು ಕಂಡವರಿಗೆ ಹೋಲಿಕೆ ಎಷ್ಟು ಸರಿಯೆಂಬುದು ತಟ್ಟನೆ ತಿಳಿಯುತ್ತದೆ.

ಪ್ರಾಣಕ್ಕೆ ಬಾರದ ರೋಗಕ್ಕೆ ಎಷ್ಟು ಬಲವಾದ ಮದ್ದನ್ನು ಎಷ್ಟು ಕಾಲ ಕೊಡಬಹುದು ಎಂಬುದೇ ಇಲ್ಲಿಯ ಪ್ರಶ್ನೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ವೈದ್ಯರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದ್ದಾರೆ. ಆ ಕಥೆಯನ್ನು ಕೊಂಚ ಹೇಳುತ್ತೇನೆ. ಏಕೆಂದರೆ ಅದರ ಒಂದು ಅಧ್ಯಾಯ ಈಗಲೂ ನಮ್ಮ ನಿಮ್ಮ ಮನೆಯ ಔಷಧಿಯ ಡಬ್ಬಿಯಲ್ಲಿ ನಡೆಯುತ್ತಿದೆ.

ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಎಣ್ಣೆಯ ಗ್ರಂಥಿಗಳಿವೆ. ಹರೆಯ ಬಂದಾಗ ಹಾರ್ಮೋನುಗಳ ಪ್ರೇರಣೆಯಿಂದ ಇವು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಎಲ್ಲರ ಚರ್ಮದ ಮೇಲೂ ನಿರಪಾಯವಾಗಿ ಬಾಳುವ ಒಂದು ಬ್ಯಾಕ್ಟೀರಿಯ ಆ ಮುಚ್ಚಿದ ರಂಧ್ರದೊಳಗೆ ವೃದ್ಧಿಯಾಗಿ ಉರಿಯೂತವನ್ನು ಕೆರಳಿಸುತ್ತದೆ. ಇದಿಷ್ಟು ಮೊಡವೆಯ ವೃತ್ತಾಂತ. ಮುಖ ತೊಳೆಯದ ಕೊಳಕಿನಿಂದ ಮೊಡವೆ ಬರುತ್ತದೆಂಬುದು ತಪ್ಪು. ಮಕ್ಕಳನ್ನು ಆ ಕಾರಣಕ್ಕೆ ಬಯ್ಯುವುದಂತೂ ಅನ್ಯಾಯ.

ನಮ್ಮ ಅಜ್ಜಿಯಂದಿರು ಅರಿಶಿನ, ಶ್ರೀಗಂಧ, ಕಡಲೆಹಿಟ್ಟಿನಲ್ಲಿ ಕೆಲಸ ಸಾಗಿಸಿದರು. ಗುಣವಾದರೂ ಆಗದಿದ್ದರೂ ಕೇಡಾದದ್ದು ಕಡಮೆ. ಪಶ್ಚಿಮದ ವೈದ್ಯರು ಗಂಧಕದ ಲೇಪಗಳನ್ನು ಬಳಸಿದರು. 1895ರಲ್ಲಿ ರಾಂಟ್‌ಗನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ಮೂಳೆ ನೋಡುವುದಕ್ಕೆ ಬಂದ ಆ ಕಿರಣವನ್ನು ಮೊಡವೆಯ ಮೇಲೂ ಹಾಯಿಸತೊಡಗಿದರು. ಕಿರಣ ತಗುಲಿದಾಗ ಎಣ್ಣೆಯ ಗ್ರಂಥಿಗಳು ಕುಗ್ಗುತ್ತಿದ್ದವು, ಮುಖ ನುಣುಪಾಗುತ್ತಿತ್ತು. ಅಮೆರಿಕದಲ್ಲಿ 1950ರ ದಶಕದವರೆಗೂ ಇದು ಮರ್ಯಾದಸ್ಥ ಚಿಕಿತ್ಸೆಯಾಗಿ ನಡೆಯಿತು. ಫಲ ಕಣ್ಣಿಗೆ ಬೇಗ ಕಾಣುತ್ತಿತ್ತು. ಕೇಡು ಮಾತ್ರ ಇಪ್ಪತ್ತು ಮೂವತ್ತು ವರ್ಷ ಕಾದು ಬಂತು. ಹರೆಯದಲ್ಲಿ ಮುಖಕ್ಕೆ ಕಿರಣ ಹಾಯಿಸಿಕೊಂಡವರಲ್ಲಿ ಕೆಲವರಿಗೆ ನಡುವಯಸ್ಸಿನಲ್ಲಿ ಚರ್ಮದ ಕ್ಯಾನ್ಸರ್, ಕತ್ತಿನ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡವು. ಹದಿನೆಂಟರ ಹುಡುಗಿಗೆ ಮಾಡಿದ ಉಪಕಾರದ ಲೆಕ್ಕ ಅವಳ ನಲವತ್ತೈದರಲ್ಲಿ ಬಂದಿತು. ಮುಂದೆ ಹೇಳುವ ಗುಳಿಗೆಗಳನ್ನು ವೈದ್ಯರು ಅಷ್ಟು ಆತುರದಿಂದ ಸ್ವಾಗತಿಸಿದ್ದೇಕೆಂಬುದಕ್ಕೆ ಈ ಹಿನ್ನೆಲೆಯನ್ನು ನೆನೆಯಬೇಕು. ಕಿರಣದ ಭಯವಿಲ್ಲದ ಮದ್ದು ಅವರಿಗೆ ಬೇಕಾಗಿತ್ತು.

ಆ ಮದ್ದು ಬಂದದ್ದು ಮಣ್ಣಿನಿಂದ. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ನಿವೃತ್ತರಾಗಿ, ಇತರರು ಆರಾಮಕುರ್ಚಿ ಹುಡುಕುವ ಎಪ್ಪತ್ತೊಂದರ ಪ್ರಾಯದಲ್ಲಿ, 1944ರಲ್ಲಿ, ನ್ಯೂಯಾರ್ಕ್ ಸಮೀಪದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಹೊಸ ಔಷಧ ಸಿಕ್ಕೀತೇ ಎಂದು ಊರೂರಿನ ಮಿತ್ರರಿಂದ ಮಣ್ಣಿನ ಮಾದರಿಗಳನ್ನು ತರಿಸಿದರು. ಮಿಸ್ಸೂರಿ ವಿಶ್ವವಿದ್ಯಾನಿಲಯದ ವಿಲಿಯಂ ಆಲ್ಬ್ರೆಕ್ಟ್ 1945ರಲ್ಲಿ ಸ್ಯಾನ್‌ಬರ್ನ್ ಫೀಲ್ಡ್ ಎಂಬ ಕೃಷಿ ಪ್ರಯೋಗದ ಹೊಲದಿಂದ, ಟಿಮೊಥಿ ಎಂಬ ಹುಲ್ಲು ಬೆಳೆಯುತ್ತಿದ್ದ ಒಂದು ಪಟ್ಟಿಯ ಮಣ್ಣನ್ನು ಕಳಿಸಿಕೊಟ್ಟರು. ಅದರಲ್ಲಿ ಹೊನ್ನಿನ ಬಣ್ಣದ ಒಂದು ಜೀವಿ ಬೆಳೆಯಿತು. ನೋಟಕ್ಕೆ ಬೂಷ್ಟು, ಜಾತಿಯಲ್ಲಿ ಬ್ಯಾಕ್ಟೀರಿಯ. ಅದು ಸ್ರವಿಸಿದ ವಸ್ತುವಿಗೆ ಲ್ಯಾಟಿನ್ ಭಾಷೆಯ ಚಿನ್ನದ ಹೆಸರನ್ನು ಜೋಡಿಸಿ ಆರಿಯೋಮೈಸಿನ್ ಎಂದು ಕರೆದರು. 1948ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಆ ಕಾಲದ ಪೆನ್ಸಿಲಿನ್ನನ್ನು ಹೆಚ್ಚಾಗಿ ಸೂಜಿಯಿಂದ ಚುಚ್ಚಬೇಕಾಗಿತ್ತು. ಇದನ್ನೋ ನೀರಿನೊಡನೆ ನುಂಗಿದರೆ ಸಾಕು.

ಆ ಪ್ರಯೋಗಾಲಯದ ಸಂಶೋಧನೆಗಳಿಗೆಲ್ಲ ಆಗ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು ಕ್ಷ-ಕಿರಣ ಕಂಡುಬಂದ ಅದೇ 1895ರಲ್ಲಿ! ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಎಂ.ಬಿ.ಬಿ.ಎಸ್. ದೊರೆಯದೆ ಎಲ್.ಎಂ.ಎಸ್. ಎಂಬ ಕೆಳದರ್ಜೆಯ ಪದವಿಯನ್ನು ಪಡೆದು, ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಟ್ಟು, ಅನಂತರ ಹಾರ್ವರ್ಡಿಗೆ ಹೋದವರು. ಆನೆಕಾಲು ರೋಗಕ್ಕೆ ನಮ್ಮ ದೇಶದಲ್ಲಿ ಊರೂರಿಗೆ ಹಂಚುತ್ತ ಬಂದಿರುವ ಡೈಈಥೈಲ್‌ಕಾರ್ಬಮಜ಼ೀನ್ ಮಾತ್ರೆಯೂ ಇವರ ಪ್ರಯೋಗಾಲಯದ್ದೇ. ಆರಿಯೋಮೈಸಿನ್ ಪ್ರಕಟವಾದ ಕೆಲವೇ ವಾರಗಳಲ್ಲಿ, 1948ರ ಆಗಸ್ಟ್ ತಿಂಗಳಲ್ಲಿ, ಐವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು. ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಇನ್ನೂ ಹೆಚ್ಚಾಗಿ ತಿಳಿಯದಿರುವುದು ನಮಗೆ ಶೋಭೆಯಲ್ಲ.

ಮುಂದಿನದು ಬೇಗ ನಡೆಯಿತು. 1950ರಲ್ಲಿ ಫೈಜ಼ರ್ ಸಂಸ್ಥೆ ಟೆರ್ರಾಮೈಸಿನ್ ಎಂಬ ಸೋದರವಸ್ತುವನ್ನು ತಂದಿತು. ಅದೇ ಸಂಸ್ಥೆಯ ಲಾಯ್ಡ್ ಕಾನೋವರ್ ಆರಿಯೋಮೈಸಿನ್ನಿನಿಂದ ಕ್ಲೋರಿನ್ ಪರಮಾಣುವೊಂದನ್ನು ತೆಗೆದುಹಾಕಿ ಟೆಟ್ರಸೈಕ್ಲಿನ್ ಮಾಡಿದರು, ಅದರ ಪೇಟೆಂಟ್ 1955ರದು. 1967ರಲ್ಲಿ ಡಾಕ್ಸಿಸೈಕ್ಲಿನ್, 1970ರ ದಶಕದ ಮೊದಲಲ್ಲಿ ಮಿನೋಸೈಕ್ಲಿನ್. ಒಂದೇ ಮನೆತನದ ಅಣ್ಣತಮ್ಮಂದಿರು.

ನ್ಯುಮೋನಿಯ, ಟೈಫಸ್ ಮುಂತಾದ ದೊಡ್ಡ ರೋಗಗಳಿಗೆ ಬಂದ ಈ ಮದ್ದನ್ನು 1951ರ ಹೊತ್ತಿಗಾಗಲೇ ಮೊಡವೆಗೂ ಕೊಟ್ಟು ನೋಡುತ್ತಿದ್ದರು. ಗುಣ ಕಂಡಿತು. ಆರು ಎಂಟು ವಾರಗಳಲ್ಲಿ ಕೀವು ತುಂಬಿದ ಗುಳ್ಳೆಗಳು ಅಡಗುತ್ತಿದ್ದವು. ವಿಚಿತ್ರವೇನೆಂದರೆ, ಸೋಂಕನ್ನು ಕೊಲ್ಲುವಷ್ಟು ದೊಡ್ಡ ಪ್ರಮಾಣವೇ ಬೇಕಾಗಿರಲಿಲ್ಲ; ಅಲ್ಪ ಪ್ರಮಾಣವೂ ಸಾಕಾಗುತ್ತಿತ್ತು. ಟೆಟ್ರಸೈಕ್ಲಿನ್ ತೆಗೆದುಕೊಂಡವರ ಚರ್ಮದ ಜಿಡ್ಡಿನಲ್ಲಿ, ಉರಿಯೂತಕ್ಕೆ ಕಾರಣವೆಂದು ಆಗ ನಂಬಿದ್ದ ಕೊಬ್ಬಿನ ಆಮ್ಲಗಳು ಇಳಿಯುತ್ತವೆಂದು 1965ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಬ್ಯಾಕ್ಟೀರಿಯವನ್ನು ತಡೆಯುವುದರ ಜೊತೆಗೆ ಈ ಮದ್ದು ಉರಿಯೂತವನ್ನೇ ನೇರವಾಗಿ ಶಮನ ಮಾಡುತ್ತದೆಂಬುದು ಮುಂದೆ ತಿಳಿದ ಸಂಗತಿ. ಅಲ್ಪ ಪ್ರಮಾಣ, ಬಹುಕಾಲ ಎಂಬ ಪದ್ಧತಿ ಹೀಗೆ ಬೇರೂರಿತು. ಗುಳಿಗೆ ನಿಲ್ಲಿಸಿದರೆ ಮೊಡವೆ ಮರಳುತ್ತಿತ್ತು, ಆದ್ದರಿಂದ ನಿಲ್ಲಿಸುತ್ತಿರಲಿಲ್ಲ. ತಿಂಗಳುಗಳಲ್ಲ, ವರ್ಷಗಟ್ಟಲೆ ನುಂಗಿದ ಹುಡುಗ ಹುಡುಗಿಯರಿದ್ದರು.

ನುಂಗಿದವರ ಅನುಭವಕ್ಕೆ ಬರೋಣ. ಬಹುಪಾಲು ಜನರಿಗೆ ಹೊಟ್ಟೆ ತೊಳಸು, ಅಜೀರ್ಣ, ಸ್ವಲ್ಪ ಭೇದಿ. ಹೆಂಗಸರಿಗೆ ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ. ಹಾಲಿನೊಡನೆ ನುಂಗಿದರೆ ಹೊಟ್ಟೆಗೆ ಹಿತವೆಂದು ತಾಯಂದಿರು ಕೊಟ್ಟರೆ ಟೆಟ್ರಸೈಕ್ಲಿನ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಹಾಲಿನ ಸುಣ್ಣಾಂಶ ಅದನ್ನು ಹಿಡಿದು ಕಟ್ಟಿಬಿಡುತ್ತದೆ. ಕಬ್ಬಿಣದ ಮಾತ್ರೆ, ಹುಳಿತೇಗಿಗೆ ಕುಡಿಯುವ ಮದ್ದು ಇವೂ ಹಾಗೆಯೇ.

ಸುಣ್ಣಾಂಶದೊಡನೆ ಇರುವ ಇದೇ ನಂಟು ಬೇರೊಂದು ಕಡೆ ದೊಡ್ಡ ಕೇಡನ್ನು ಮಾಡಿತು. ಬೆಳೆಯುವ ಮೂಳೆಯಲ್ಲಿ, ಮೂಡುವ ಹಲ್ಲಿನಲ್ಲಿ ಸುಣ್ಣ ಕೂಡುವಲ್ಲೆಲ್ಲ ಟೆಟ್ರಸೈಕ್ಲಿನ್ ಹೋಗಿ ಕೂರುತ್ತದೆ. ಎಳೆಯ ಮಕ್ಕಳಿಗೆ ಈ ಮದ್ದು ಕೊಟ್ಟಿದ್ದ ಕಡೆ, ಹಲ್ಲುಗಳು ಹಳದಿಯಾಗಿ, ಬೆಳಕು ಬಿದ್ದಂತೆ ಕಂದಾಗುವುದನ್ನು 1950ರ ದಶಕದ ನಡುವಿನಿಂದ ವೈದ್ಯರು ಗಮನಿಸಿದರು. ತೊಳೆದರೆ ಹೋಗುವ ಕಲೆಯಲ್ಲ ಅದು, ಹಲ್ಲಿನ ಒಡಲಲ್ಲೇ ಇರುವ ಬಣ್ಣ. ಆದ್ದರಿಂದ ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಟೆಟ್ರಸೈಕ್ಲಿನ್ ಕೂಡದೆಂಬ ಎಚ್ಚರಿಕೆ ಬಂದಿತು. ಹದಿನಾರರ ಹುಡುಗನ ಹಲ್ಲು ಆಗಲೇ ಮೂಡಿರುವುದರಿಂದ ಅವನಿಗೆ ಈ ಭಯ ಕಡಮೆ. ಮದುವೆಯಾದ ಮೇಲೂ ಮೊಡವೆಗೆಂದು ಗುಳಿಗೆ ಮುಂದುವರಿಸಿದ ತರುಣಿಯ ವಿಷಯ ಮಾತ್ರ ಬೇರೆ. ಒಂದು ಮಾತು ಇಲ್ಲಿ ನೆನಪಾಗುತ್ತದೆ. ಸುಡಾನಿನ ನ್ಯೂಬಿಯಾ ಪ್ರಾಂತದಲ್ಲಿ ಸಾವಿರದೈನೂರು ವರ್ಷ ಹಿಂದೆ ಹೂಳಿದ ಮನುಷ್ಯರ ಮೂಳೆಗಳು ನೇರಳಾತೀತ ಬೆಳಕಿನಲ್ಲಿ ಹಸಿರು ಹಳದಿಯಾಗಿ ಹೊಳೆಯುವುದನ್ನು 1980ರಲ್ಲಿ ಪ್ರಕಟಿಸಿದರು. ಅದು ಟೆಟ್ರಸೈಕ್ಲಿನ್ನಿನದೇ ಗುರುತು! ಅವರು ಧಾನ್ಯದಿಂದ ಮಾಡುತ್ತಿದ್ದ ಮದ್ಯದಲ್ಲಿ ಮಣ್ಣಿನ ಆ ಜೀವಿ ಬೆಳೆದಿದ್ದಿರಬೇಕೆಂದು ಪಂಡಿತರ ಊಹೆ.

1963ರಲ್ಲಿ ಇನ್ನೊಂದು ಪಾಠವಾಯಿತು. ಅವಧಿ ಮೀರಿ ಕೆಟ್ಟ ಟೆಟ್ರಸೈಕ್ಲಿನ್ ನುಂಗಿದವರಿಗೆ ವಾಂತಿ, ಅತಿಯಾದ ಬಾಯಾರಿಕೆ, ಮೂತ್ರಪಿಂಡಗಳ ತೊಂದರೆ ಕಾಣಿಸಿಕೊಂಡಿತು. ಮಾತ್ರೆಯೊಳಗೆ ಬೆರೆಸುತ್ತಿದ್ದ ವಸ್ತುಗಳನ್ನು ಆಮೇಲೆ ಬದಲಿಸಿದರು. ಆದರೂ ಕಳೆದ ವರ್ಷ ಉಳಿದ ಹಾಳೆಯನ್ನು ಈ ವರ್ಷ ತಂಗಿಗೆ ಕೊಡುವ ಮನೆಗಳಿವೆಯಲ್ಲ, ಅವರು ಇದನ್ನು ಕೇಳಿರಲೆಂದು ಹೇಳಿದೆ.

ಡಾಕ್ಸಿಸೈಕ್ಲಿನ್ ಬಂದ ಮೇಲೆ ದಿನಕ್ಕೆ ನಾಲ್ಕು ಸಾರಿ ನುಂಗುವ ಕಷ್ಟ ತಪ್ಪಿತು, ಹಾಲಿನ ಪಥ್ಯವೂ ಸಡಿಲವಾಯಿತು. ಆದರೆ ಅದಕ್ಕೂ ಅದರದೇ ಸ್ವಭಾವಗಳಿವೆ. ಇದನ್ನು ತೆಗೆದುಕೊಳ್ಳುವವರಿಗೆ ಬಿಸಿಲು ತಡೆಯುವುದಿಲ್ಲ. ಅರ್ಧ ತಾಸು ಬಿಸಿಲಲ್ಲಿ ನಿಂತರೆ ಮೂಗು, ಕೈಬೆನ್ನು ಸುಟ್ಟಂತೆ ಕೆಂಪಾಗಬಹುದು. ಮಲಗುವ ಮುನ್ನ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ ಹಾಗೆಯೇ ಅಡ್ಡಾದವರಿಗೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡಿದ ವರದಿಗಳು 1975ರಿಂದ ಬಂದಿವೆ. ಬೆಳಗಾಗುವಷ್ಟರಲ್ಲಿ ಎದೆಯ ನಡುವೆ ನೋವು. ಎಂಜಲು ನುಂಗುವುದೂ ಕಷ್ಟ. ಇಪ್ಪತ್ತರ ಹುಡುಗನಿಗೆ ಹೃದಯದ ಬೇನೆ ಬಂತೆಂದು ಮನೆಯವರು ಹೆದರಿದರೆ ಆಶ್ಚರ್ಯವಿಲ್ಲ.

ಮಿನೋಸೈಕ್ಲಿನ್ ತಲೆತಿರುಗಿಸುತ್ತದೆಂಬ ದೂರು 1974ರಲ್ಲಿ ಕೇಳಿಬಂತು. ಬಹುಕಾಲ ತೆಗೆದುಕೊಂಡವರಲ್ಲಿ ಕೆಲವರ ಮೊಡವೆಯ ಕಲೆಗಳು, ಮೊಳಕಾಲಿನ ಕೆಳಗಿನ ಚರ್ಮ, ಒಸಡು ನೀಲಿ ಬೂದು ಬಣ್ಣಕ್ಕೆ ತಿರುಗಿದವು. ಅಂದಕ್ಕೆಂದು ನುಂಗಿದ ಗುಳಿಗೆ ಮುಖಕ್ಕೆ ಬೇರೊಂದು ಬಣ್ಣ ಬಳಿದಂತಾಯಿತು. ಶರೀರ ತನ್ನನ್ನೇ ಶತ್ರುವೆಂದು ಭ್ರಮಿಸುವ ಲೂಪಸ್‌ನಂಥ ಬೇನೆಯೂ ಯಕೃತ್ತಿನ ಉರಿಯೂತವೂ ಈ ಮದ್ದಿನಿಂದ ಅಪರೂಪಕ್ಕೆ ಬರಬಹುದೆಂಬುದು 1996ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಚರ್ಚೆಯಾಯಿತು. ಅಂದಿನಿಂದ ಅದರ ಮೇಲಿನ ಮೋಹ ತಗ್ಗಿತು. ಈ ಕುಟುಂಬದ ಎಲ್ಲ ಮದ್ದುಗಳಿಂದಲೂ ಅಪರೂಪಕ್ಕೆ ತಲೆಬುರುಡೆಯೊಳಗಿನ ಒತ್ತಡ ಏರಿ ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು ಉಂಟು. ಅಂಥದ್ದು ಕಂಡರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರ ಬಳಿಗೆ ಹೋಗಬೇಕು. 1982ರಲ್ಲಿ ಬಂದ ಐಸೊಟ್ರೆಟಿನಾಯಿನ್ ಎಂಬ ಬಲವಾದ ಮದ್ದಿನೊಡನೆ ಇವನ್ನು ಸೇರಿಸಬಾರದೆಂಬುದಕ್ಕೆ ಕಾರಣವೂ ಇದೇ.

ಇವೆಲ್ಲ ನುಂಗಿದವರ ಪಾಡು. ನುಂಗದವರಿಗೂ ತಗಲುವ ಕೇಡು ಒಂದಿದೆ. 1979ರಿಂದೀಚೆಗೆ ಮೊಡವೆಯ ಬ್ಯಾಕ್ಟೀರಿಯಗಳಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ತಳಿಗಳು ಕಂಡುಬಂದವು. ಅಲ್ಪ ಪ್ರಮಾಣ, ಬಹುಕಾಲ ಎಂಬ ಪದ್ಧತಿ ಅಂಥ ತಳಿಗಳನ್ನು ಸಾಕಿ ಬೆಳೆಸುವ ಪದ್ಧತಿಯೂ ಹೌದು. ಆರಿಯೋಮೈಸಿನ್ ತಯಾರಿಕೆಯ ಶೇಷವನ್ನು ಮೇವಿನಲ್ಲಿ ಬೆರೆಸಿದರೆ ಕೋಳಿಗಳು ಬೇಗ ಕೊಬ್ಬುತ್ತವೆಂದು ಲೆಡರ್ಲೆಯವರೇ 1950ರಲ್ಲಿ ಸಾರಿದ್ದರು. ಕೋಳಿಗೂ ಹದಿಹರೆಯದವರಿಗೂ ಒಂದೇ ನ್ಯಾಯವಾಯಿತೆಂದರೆ ಕಟುವಾಯಿತೇನೋ, ಸುಳ್ಳಾಗಲಾರದು. ಈಗಿನ ಚರ್ಮವೈದ್ಯರು ನುಂಗುವ ಆಂಟಿಬಯಾಟಿಕ್ಕನ್ನು ಒಂಟಿಯಾಗಿ ಕೊಡುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ಮೀರದಂತೆ ಕೊಟ್ಟು, ಜೊತೆಗೆ ಬೆಂಜ಼ಾಯಿಲ್ ಪೆರಾಕ್ಸೈಡ್ ಎಂಬ ಲೇಪವನ್ನು ಹಚ್ಚಲು ಹೇಳುತ್ತಾರೆ. ಆ ಲೇಪಕ್ಕೆ ಬಗ್ಗದ ತಳಿ ಹುಟ್ಟುವುದಿಲ್ಲ. ಗುಳಿಗೆ ನಿಂತ ಮೇಲೂ ಲೇಪ ಮುಂದುವರಿಯುತ್ತದೆ.

ನಮ್ಮಲ್ಲಿ ಚೀಟಿಯಿಲ್ಲದೆ ಈ ಗುಳಿಗೆಗಳನ್ನು ಮಾರುವಂತಿಲ್ಲ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಜನರು ಮುಗಿಬಿದ್ದು ಕೊಂಡು, ದೂರದ ಊರುಗಳ ಅಂಗಡಿಗಳಲ್ಲಿಯೂ ಟೆಟ್ರಸೈಕ್ಲಿನ್ ಸಿಕ್ಕದಂತಾದದ್ದನ್ನು ನೆನೆದರೆ ಆ ನಿಯಮದ ಬೆಲೆ ಎಷ್ಟೆಂದು ತಿಳಿಯುತ್ತದೆ. ಔಷಧದಂಗಡಿಯವನು ಮುಖ ನೋಡಿಯೇ ಹಾಳೆ ಕತ್ತರಿಸಿ ಕೊಟ್ಟರೆ, ಎಷ್ಟು ವಾರ, ಯಾವಾಗ ನಿಲ್ಲಿಸಬೇಕು, ಗರ್ಭಿಣಿಯೇ ಎಂದು ಕೇಳುವವರಿರುವುದಿಲ್ಲ. ವೈದ್ಯರೇ ಕೊಟ್ಟಿದ್ದರೆ, ಊಟದ ಜೊತೆಯಲ್ಲಿ ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಿ. ಅರ್ಧ ತಾಸಾದರೂ ಮಲಗಬೇಡಿ. ಹೊರಗೆ ಹೋಗುವಾಗ ಕೊಡೆ ಇರಲಿ. ಎರಡು ತಿಂಗಳು ಕಳೆದರೂ ಗುಣ ಕಾಣದಿದ್ದರೆ ಹಳೆಯ ಚೀಟಿಯನ್ನೇ ಮತ್ತೆ ಅಂಗಡಿಗೆ ಕಳಿಸದೆ, ಹುಡುಗನನ್ನೇ ವೈದ್ಯರಲ್ಲಿಗೆ ಕಳಿಸಿಕೊಡಿ.